ಒಬ್ಬಳೇ ಕಲಿತ ಖೋಖೋ

ತೊಂಬತ್ತರ ದಶಕದಲ್ಲಿ ನಮ್ಮ ಪಾಂಡವಪುರದಲ್ಲಿ ಮಕ್ಕಳಿಗೆ ಪ್ರತ್ಯೇಕ ಟ್ಯೂಷನ್ ಹೇಳಿಸುವ ಖಯಾಲಿ ಹಬ್ಬಿತ್ತು. ಮಗಳು ಹತ್ತು ಮಕ್ಕಳ ಜೊತೆ ಕೂತು ಕಲಿಯುವುದೆಂದರೆ ನಮ್ಮ ಯಜಮಾನರಿಗೆ ಮರ್ಯಾದೆ ಹೋದಂತೆ. ಲೆಕ್ಕದ ಪಾಠಕ್ಕೆ ಹಾಗೆ ಮಾಡಿದ್ದು ಇರಲಿ, ಅವಳು ಖೋಖೋ ಕಲಿಯುತ್ತೇನೆಂದಾಗಲೂ ಅದನ್ನೇ ಮಾಡಿದರು.

ಶಾಲೆಯ ಹುಡುಗಿಯರೆಲ್ಲ ಬೆಳಿಗ್ಗೆ ಒಟ್ಟಿಗೆ ಅಭ್ಯಾಸ ಮಾಡುತ್ತಿದ್ದರು. ಅಲ್ಲಿಗೆ ಕಳಿಸಿದ್ದರೆ ಸಾಕಿತ್ತು. ಇವರು ಡ್ರಿಲ್ ಮೇಷ್ಟ್ರನ್ನು ಮನೆಗೇ ಕರೆಸಿದರು.

“ಆ ಗುಂಪ್ನಲ್ಲಿ ಏನ್ ಕಲ್ತಾಳು ಮೇಷ್ಟ್ರೇ? ನಮ್ ಮಗೀಗೆ ಒಬ್ಳಿಗೇ ಸಂಜೆ ಯೇಳ್ಕೊಡಿ.”

ಖೋಖೋ ಒಬ್ಬರೇ ಆಡುವ ಆಟವೇ ಎಂದು ನಾನು ಕೇಳಿದೆ.

“ನಿಂಗೇನ್ ಗೊತ್ತಾಯ್ತದೆ, ಸುಮ್ಕಿರು” ಎಂದರು. ಮೇಷ್ಟ್ರಿಗಾದರೂ ಗೊತ್ತಿರಬೇಕಿತ್ತು. ಆ ಮಹಾನುಭಾವರೂ ನಮ್ಮ ಮನೆಯ ಕಾಫಿ ಕುಡಿದು ತಲೆಯಾಡಿಸಿದರು.

ಇಡೀ ಬೇಸಿಗೆ ಮಗಳು ಶಾಲೆಯ ಖಾಲಿ ಮೈದಾನದಲ್ಲಿ ಎರಡು ಕಂಬಗಳ ನಡುವೆ ಒಬ್ಬಳೇ ಓಡಿದಳು. ಇವರು ಸ್ಕೂಟರಿನ ಮೇಲೆ ಕೂತು ಬೀಗಿದರು. ಮೇಷ್ಟ್ರು ಋಣ ತೀರಿಸುವವರಂತೆ ಅವಳನ್ನು ಶಾಲೆಯ ತಂಡಕ್ಕೂ ಸೇರಿಸಿದರು.

ಪಂದ್ಯ ಕೆ.ಆರ್. ಪೇಟೆಯಲ್ಲಿ. ಸಾಲಿನಲ್ಲಿ ಕೂತಿದ್ದ ನಮ್ಮ ಮಗಳ ಬೆನ್ನು ತಟ್ಟಿ ಅವಳ ತಂಡದ ಹುಡುಗಿ ‘ಖೋ’ ಎಂದಳು. ಎದ್ದು ಓಡಬೇಕಾದವಳು ಕೂತಲ್ಲೇ ತಿರುಗಿ, ಮುಟ್ಟಿದ್ದು ಯಾರೆಂದು ನೋಡಿದಳು. ಅಷ್ಟು ದಿನ ಅವಳ ಬೆನ್ನು ಮುಟ್ಟಲು ಅಲ್ಲಿ ಯಾರಿದ್ದರು?

ನಾನು ತಲೆ ತಗ್ಗಿಸಿದೆ. ನಮ್ಮ ಯಜಮಾನರು ಗೆರೆ ದಾಟಿ ಮೈದಾನಕ್ಕೇ ನುಗ್ಗಿದರು.

“ಯಾರಮ್ಮಿ ಅದು, ನಮ್ ಮಗೀನ ತಳ್ಳಿದೋಳು?”