ಹೆಸರು ಬರುವ ತನಕ

ಕಳೆದ ಭಾನುವಾರ ಶಿವಮೊಗ್ಗದ ಥಿಯೇಟರಿನಲ್ಲಿ ಮಲಯಾಳಂ ಸಿನಿಮಾ ನೋಡುತ್ತಿದ್ದಾಗ ಪಕ್ಕದ ಸೀಟಿನವರು ಬಾಳೆಕಾಯಿ ಚಿಪ್ಸಿನ ಪೊಟ್ಟಣ ಒಡೆದರು. ಕೊಬ್ಬರಿ ಎಣ್ಣೆಯ ಆ ಘಮಕ್ಕೆ ಭದ್ರಾವತಿ ನ್ಯೂ ಟೌನಿನ ಚೇಟ್ಟ ನೆನಪಾದರು… ನಮ್ಮ ಪಕ್ಕದ ಕ್ವಾರ್ಟರ್ಸಿನ ಮಲಯಾಳಿ ಫಿಟ್ಟರ್. ಚೇಟ್ಟ ಎಂದರೆ ಅವರ ಭಾಷೆಯಲ್ಲಿ ಅಣ್ಣ. ಕ್ವಾರ್ಟರ್ಸಿನ ಇಡೀ ಸಾಲಿಗೆ ಅವರು ಚೇಟ್ಟನೇ.

ಬೆಳಗಿನ ಆಟಕ್ಕೆ ಅವರ ಭಾಷೆಯ ಸಿನಿಮಾ ಬಂದರೆ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ಹೀರೋ ಅವರಿಗೆ ಲೆಕ್ಕಕ್ಕೇ ಇಲ್ಲ. ಪೋಸ್ಟ್‌ಮ್ಯಾನೋ ಸೋದರಮಾವನೋ ಆಗಿ ಬರುವ ಒಬ್ಬ ನಟನೆಂದರೆ ಪ್ರಾಣ. ಕೆಟ್ಟ ಸುದ್ದಿ ಹೇಳುವ ಮೊದಲು ಆತ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದ. ಅಷ್ಟೇ. ಭಾಷೆ ಬಾರದ ನನಗೂ ಸುದ್ದಿ ಏನೆಂದು ತಿಳಿದುಬಿಡುತ್ತಿತ್ತು.

ಸಿನಿಮಾ ಮುಗಿದರೂ ಚೇಟ್ಟ ಏಳುತ್ತಿರಲಿಲ್ಲ.

“ಏಳಿ ಚೇಟ್ಟಾ, ಕಸ ಗುಡಿಸೋರು ಬಂದ್ರು.”

“ಕೂತ್ಕೋ ಮಾರಾಯ. ಅಷ್ಟು ದುಡಿದಿದ್ದಾನೆ, ಹೆಸರು ನೋಡ್ದೆ ಎದ್ರೆ ಹೆಂಗೆ?”

ಪರದೆಯ ಮೇಲೆ ಆ ನಟನ ಹೆಸರು ಬಂದ ಮೇಲೆಯೇ ಏಳುತ್ತಿದ್ದುದು.

ಬಿ.ಎಸ್ಸಿ. ಗಣಿತದಲ್ಲಿ ಫೇಲಾಗಿ ಮಾಚೇನಹಳ್ಳಿಯ ವರ್ಕ್‌ಶಾಪಿಗೆ ಸೇರಲು ಹೊರಟ ನನ್ನನ್ನು ತಡೆದವರು ಅವರೇ. ಆ ಗಣಿತ ಅವರಿಗೆ ಬರುತ್ತಿರಲಿಲ್ಲ. ಶಿಫ್ಟ್ ಮುಗಿಸಿ ಬಂದು ಎದುರಿಗೆ ಕೂತು, ಪುಸ್ತಕದ ಕೊನೆಯ ಪುಟದ ಉತ್ತರ ನೋಡಿ, “ತಪ್ಪು, ಮತ್ತೆ ಮಾಡು” ಎನ್ನುತ್ತಿದ್ದರು. ಒಂದು ವರ್ಷ.

ಪಾಸಾದೆ. ನಮ್ಮ ಮನೆತನಕ್ಕೆ ಮೊದಲ ಡಿಗ್ರಿ. ಇವತ್ತಿಗೂ ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಾಲೊನಿಯವರು ಸನ್ಮಾನ ಮಾಡಿದರು. ಮೈಕ್ ಹಿಡಿದು ಅಪ್ಪ, ಅಮ್ಮ, ಮೇಷ್ಟ್ರು, ಕಡೆಗೆ ಶಾಮಿಯಾನದವನ ಹೆಸರನ್ನೂ ಹೇಳಿದೆ. ಜನ ಎದ್ದರು, ಕುರ್ಚಿ ಮಡಚತೊಡಗಿದರು. ಹಿಂದಿನ ಸಾಲಿನಲ್ಲಿ ಚೇಟ್ಟ ಮಾತ್ರ ಕೂತೇ ಇದ್ದರು. ಕುರ್ಚಿ ಎತ್ತಿಡಲು ಉಳಿದಿದ್ದಾರೆ ಅಂದುಕೊಂಡೆ…

ಕಳೆದ ಭಾನುವಾರ ಪರದೆಯ ಮೇಲೆ ಅದೇ ನಟ, ಈಗ ಹಣ್ಣು ಮುದುಕ, ಕನ್ನಡಕ ಒರೆಸಿದ. ಥಿಯೇಟರಿಗೆ ಥಿಯೇಟರೇ ಉಸಿರು ಹಿಡಿಯಿತು. ಕೊನೆಗೆ ಹೆಸರುಗಳು ಬಂದವು, ಜನ ಎದ್ದರು. ನಾನು ಅಭ್ಯಾಸಬಲದಿಂದ ಕೂತೇ ಇದ್ದೆ. ಆಗ ಹೊಳೆಯಿತು. ಅವತ್ತು ಚೇಟ್ಟ ಕಾಯುತ್ತಿದ್ದುದು ಕುರ್ಚಿಗಲ್ಲ!

ರಿಟೈರಾಗಿ ಊರಿಗೆ ಹೋದ ಅವರು ತೀರಿಕೊಂಡು ಬಹಳ ಕಾಲವಾಗಿತ್ತು. ಎಲ್ಲಾದರೂ ಒಂದು ಕಡೆ ಅವರ ಹೆಸರು ಬರೆದಿಡೋಣವೆಂದರೆ… ಅದು ನನಗೆ ಗೊತ್ತೇ ಇರಲಿಲ್ಲ. ಕೂತಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ.

“ಅಮ್ಮಾ, ಚೇಟ್ಟನ ಹೆಸರೇನು?”

“ಚೇಟ್ಟನೇ ಕಣೋ… ಬೇರೆ ಹೆಸರಿತ್ತಾ ಅವರಿಗೆ?”

ಗುಡಿಸುವವರು ನನ್ನ ಸಾಲಿಗೆ ಬಂದರು. ಕಾಲೆತ್ತಿ ದಾರಿ ಬಿಟ್ಟೆ, ಏಳಲಿಲ್ಲ. ಪರದೆ ಬೆಳ್ಳಗೆ ಖಾಲಿಯಾಗಿತ್ತು.