ಗೋಡೆಯಾಚೆಗೆ ಒಂದು ಮಂಕರಿ ಎಲೆ

ಹುಣಸೂರಿನ ಆ ಓಣಿಯಲ್ಲಿ ಖತೀಜಾಬಿಯ ಮನೆಯೇ ಕೊನೆಯದು. ಎದುರಿಗೆ ಖಬರಸ್ತಾನದ ಗೋಡೆ, ಎದೆಮಟ್ಟದ್ದು. ಗೋಡೆಯೊಳಗಿನ ಹೊಂಗೆಮರಗಳು ಅರ್ಧ ಎಲೆಯನ್ನು ಬೀದಿಗೇ ಉದುರಿಸುತ್ತವೆ.

ಬೆಳಿಗ್ಗೆ ಎದ್ದು ಆಕೆ ಬೀದಿ ಗುಡಿಸುತ್ತಿದ್ದಳು. ಪ್ಲಾಸ್ಟಿಕ್ಕು, ಗಾಜಿನ ಚೂರು ಇದ್ದರೆ ಒಂದೊಂದಾಗಿ ಆರಿಸಿ ಬೇರೆ ಇಡುತ್ತಿದ್ದಳು. ಬರೀ ಎಲೆಯನ್ನು ಮಂಕರಿಗೆ ತುಂಬಿ, ಗೋಡೆಯ ಮೇಲೆ ಸುಣ್ಣದಲ್ಲಿ ಎಳೆದ ಗೀಟಿನ ಹತ್ತಿರ ನಿಂತು ಒಳಕ್ಕೆ ಸುರಿಯುತ್ತಿದ್ದಳು. ಹತ್ತೊಂಬತ್ತು ವರ್ಷ ಹೀಗೇ ನಡೆಯಿತು.

ಆ ಗೀಟಿನ ನೇರಕ್ಕೆ, ಗೋಡೆಯ ಬುಡದಲ್ಲೇ, ಅವಳ ಮಗಳು ಆತಿಕಾ ಮಲಗಿದ್ದಾಳೆ. ಹನ್ನೊಂದು ದಿನ ಬದುಕಿದ್ದ ಕೂಸು. ಖಬರು ತೋಡುವುದು ಗಂಡ ನಿಜಾಮುದ್ದೀನನ ಕೆಲಸ. ಅದನ್ನೂ ಅವನೇ ತೋಡಿದ. ಕಲ್ಲಿಲ್ಲ, ಹೆಸರಿಲ್ಲ, ಒಂದು ಮೊಳದ ಮಣ್ಣಿನ ದಿಬ್ಬ ಅಷ್ಟೆ. ಆ ಓಣಿಯ ಹೆಂಗಸರು ಖಬರಸ್ತಾನದೊಳಗೆ ಹೋಗುವ ರೂಢಿಯಿಲ್ಲ. ಮೊದಲ ಮಳೆಗೆ ದಿಬ್ಬ ಕರಗುವುದನ್ನು ಖತೀಜಾಬಿ ಗೋಡೆಯ ಮೇಲಿಂದ ನೋಡಿ ಅತ್ತಿದ್ದಳು.

ಆಗ ಪಕ್ಕದ ಮನೆಯ ಮಲ್ಲಾಜಮ್ಮ, ಬಿಳಿಕೆರೆಯಿಂದ ಸೊಸೆಯಾಗಿ ಬಂದವಳು, ಹೇಳಿದಳು: "ಅಳಬ್ಯಾಡ ಕಣವ್ವ. ನಮ್ಮೂರಲ್ಲಿ ಶುಂಠಿ ಮಡಿ ಮ್ಯಾಲೆ ಉಲ್ಲು ಹೊದಿಸ್ತೀವಿ. ಮಳೆ ಎಷ್ಟ್ ಉಯ್ದ್ರೂ ಮಣ್ಣು ಕದಲಾಕಿಲ್ಲ. ನೀನೂ ಅಂಗೇ ಎಲೆ ಹೊದ್ಸು."

ಹೊದಿಸಿದಳು. ಕೆಳಗಿನ ಎಲೆ ಕೊಳೆತು ಮಣ್ಣಾಯಿತು, ಮೇಲೆ ಹೊಸದು ಬಿತ್ತು. ನಿಜಾಮುದ್ದೀನ ಒಳಗೆ ಹೋದಾಗಲೆಲ್ಲ ಎಲೆ ಸರಿಸಿ ದಿಬ್ಬದ ಮೇಲೆ ಕೈಯಿಟ್ಟು ನೋಡುತ್ತಿದ್ದ. ಬೇಸಿಗೆಯಲ್ಲೂ ತಂಪು, ಎರೆಹುಳು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ "ಇದೆ" ಅನ್ನುತ್ತಿದ್ದ. ಖತೀಜಾಬಿಗೆ ಅಷ್ಟು ಸಾಕಾಗಿತ್ತು. ಎರಡು ವರ್ಷದಿಂದ ಅವನ ಮಂಡಿ ಬಗ್ಗುವುದಿಲ್ಲ. ಹೊಸ್ತಿಲು ದಾಟುವುದೇ ಕಷ್ಟ.

ಈ ವರ್ಷ ಯಾರನ್ನೋ ಮಣ್ಣು ಮಾಡುವ ದಿನ ಎಲೆಯೊಳಗಿಂದ ಹಾವು ಹೊರಟಿತು. ಯಾರಿಗೂ ಕಚ್ಚಲಿಲ್ಲ, ಆದರೆ ಜನ ಬೆದರಿದರು. ಗಂಡಸರೆಲ್ಲ ಖಬರುಗಳ ಬಳಿ ಬಂದು ಪ್ರಾರ್ಥಿಸುವ ಷಬೇ ಬರಾತ್ ರಾತ್ರಿ ಹತ್ತಿರವಿತ್ತು. ಖಬರಸ್ತಾನದ ಕಮಿಟಿಯ ಮುಸವೀರ್ ಆಳುಗಳನ್ನು ಕರೆಸಿ ಎಲೆಯನ್ನೆಲ್ಲ ಬಾಚಿಸತೊಡಗಿದ.

"ಕೇರೆ ಆವು ಕಂಡು ಓಡೋರೂ ಗಂಡಸ್ರಾ?" ಎಂದು ಮಲ್ಲಾಜಮ್ಮ ಜಗಲಿಯಿಂದಲೇ ಕೂಗಿದಳು. ಆಳುಗಳು ನಕ್ಕರು. ಖತೀಜಾಬಿ ಗೇಟಿನವರೆಗೆ ಹೋಗಿ ಹೊರಗೇ ನಿಂತಳು.

"ಮುಸವೀರ್, ಆ ಸುಣ್ಣದ ಗೀಟಿನ ಹತ್ರ ಒಂದು ಮೊಳ ಬಿಟ್ಬಿಡಪ್ಪ."

"ಅಲ್ಲೇನಿದೆ ಖಾಲಾ? ಕಸ ತಾನೇ?"

"ನನ್ನ ಮಗು."

ಅವನು ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡ. "ಗೊತ್ತಿರ್ಲಿಲ್ಲ ಖಾಲಾ. ಆದ್ರೆ ಹಾವು ಅಲ್ಲೇ ಸೇರ್ಕೊಂಡು ನಾಳೆ ಯಾರಿಗಾದ್ರೂ ಕಚ್ಚಿದ್ರೆ? ಎಲ್ಲಾ ಕಡೆ ಹುಲ್ಲುಹಾಸು ಹಾಕಿಸ್ತೀವಿ, ಪಾರ್ಕ್ ಥರಾ. ಮಣ್ಣು ನಿಲ್ಲುತ್ತೆ. ನೀವು ದುಆ ಮಾಡಿ."

ಅವನು ಕೆಟ್ಟವನಲ್ಲ. ಆ ಜಾಗಕ್ಕೆ ಆಳನ್ನು ಬಿಡದೆ, ತಾನೇ ಕುಳಿತು, ಕೈಯಲ್ಲೇ ಒಂದೊಂದು ಹಿಡಿ ಎಲೆ ತೆಗೆದ. ಅಷ್ಟು ಜೋಪಾನವಾಗಿ ತೆಗೆಯುವವನನ್ನು ಬೈಯುವುದಾದರೂ ಹೇಗೆ?

ಮುಂದಿನ ವಾರ ಗೋಡೆಗೆ ಎಂಟು ವರಸೆ ಇಟ್ಟಿಗೆ ಏರಿತು. 'ಇಲ್ಲಿ ಕಸ ಹಾಕಬಾರದು' ಎಂದು ಬರೆಸಿದರು. ಖತೀಜಾಬಿಗೆ ಒಳಗಿನದು ಕಾಣದಾಯಿತು. ಮಂಕರಿ ಎತ್ತಿದರೂ ಗೋಡೆಯ ತುದಿ ಮುಟ್ಟುತ್ತಿರಲಿಲ್ಲ.

ಹುಲ್ಲು ಬರುವ ಮೊದಲೇ ಮಳೆ ಬಂತು. ಮಧ್ಯಾಹ್ನ, ಗುಡುಗಿನೊಂದಿಗೆ. ಗೀಟಿನ ಪಕ್ಕದ ನೀರುಕಂಡಿಯಿಂದ ಮೊದಲು ಬರಿ ನೀರು ಬಂತು, ಆಮೇಲೆ ಕೆಂಪು ನೀರು. ಖತೀಜಾಬಿ ಓಡಿಹೋಗಿ ಮಂಕರಿಗೆ ಗೋಣಿ ಹಾಸಿ ಕಂಡಿಯ ಕೆಳಗೆ ಒಡ್ಡಿದಳು. ನೀರು ಸೋರಿಹೋಗಿ ಮಣ್ಣು ಉಳಿಯಿತು. ಯಾವುದು ಯಾರ ಮೇಲಿನ ಮಣ್ಣೋ ಹೇಳುವಂತಿರಲಿಲ್ಲ. ಆದರೂ ಮಂಕರಿ ತುಂಬುವವರೆಗೆ ಹಿಡಿದಳು.

ಬಾಗಿಲಲ್ಲಿ ಕೋಲು ಊರಿ ನಿಂತಿದ್ದ ನಿಜಾಮುದ್ದೀನ ಕೇಳಿದ: "ಇದೆಯಾ?"

ಅವಳು ಬೀದಿಯಲ್ಲಿ ಬಿದ್ದಿದ್ದ ಒದ್ದೆ ಹೊಂಗೆ ಎಲೆಗಳನ್ನು ಬಾಚಿ ಮಂಕರಿಯ ಮಣ್ಣಿನ ಮೇಲೆ ಹೊದಿಸಿದಳು. ಮಲ್ಲಾಜಮ್ಮ ಸೆರಗು ತಲೆಗೆ ಎಳೆದುಕೊಂಡು ಬಂದು ಒಂದು ಬದಿ ಹಿಡಿದಳು.

"ಎತ್ತು ಖತೀಜಾ. ಎಲ್ಲಿಗಿಡಾನ?"

ಖತೀಜಾಬಿ ಇನ್ನೊಂದು ಬದಿ ಹಿಡಿದಳು. ಏರಿದ ಗೋಡೆಯನ್ನೊಮ್ಮೆ, ಗೇಟನ್ನೊಮ್ಮೆ ನೋಡಿದಳು. ಎತ್ತಲಿಲ್ಲ.