ಕೊನೆಯ ಪುಟದ ಹನ್ನೊಂದು ಹೆಸರು

ಎರಡು ಸಾವಿರದ ಇಸವಿಯ ಆಸುಪಾಸು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಆಗತಾನೇ ಜಿಪಿ, ಅಂದರೆ ಬಡಾವಣೆಯ ಡಾಕ್ಟರ್, ಆಗಿದ್ದ ನಾನು ಹಾಲಿನಾ ಎಂಬ ಪೋಲಿಷ್ ಅಜ್ಜಿಯನ್ನು ನೋಡಲು ಅವರ ಮನೆಗೆ ಹೋದೆ. ನ್ಯುಮೋನಿಯಾ ಆಗಿತ್ತು. ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಅಜ್ಜಿ ಮಾತ್ರ ಕುರ್ಚಿ ಬಿಟ್ಟು ಏಳಲು ಒಪ್ಪಲಿಲ್ಲ.

ಎರಡನೇ ಮಹಾಯುದ್ಧದ ನಂತರ ಪೋಲೆಂಡಿನಿಂದ ನಿರಾಶ್ರಿತರಾಗಿ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿದು, ಆ ಬೀದಿಯ ಪಾಳು ಕಟ್ಟಡವೊಂದನ್ನು ತಮ್ಮ ಚರ್ಚ್ ಮಾಡಿಕೊಂಡು, ಈಗ ತೀರಿಕೊಂಡಿದ್ದವರ ಹೆಸರುಗಳನ್ನೆಲ್ಲ ಅಜ್ಜಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಈಗ ಪೆನ್ನು ನನ್ನ ಕಡೆ ಚಾಚಿದರು.

“ಇನ್ನು ಹನ್ನೊಂದು ಜನರ ಹೆಸರು ಬರೆಯೋದು ಉಳಿದಿದೆ, ಡಾಕ್ಟರ್. ನಾನು ಹೋದರೆ ಇವರು ಯಾರಿಗೂ ನೆನಪಿರಲ್ಲ. ನಾನು ಹೇಳ್ತೀನಿ, ನೀವು ಬರೀರಿ.”

ಆ ಹೆಸರುಗಳ ಸ್ಪೆಲಿಂಗ್ ನನಗೆಲ್ಲಿ ಬರಬೇಕು? ಕಿವಿಗೆ ಕೇಳಿಸಿದ ಹಾಗೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಕನ್ನಡದಲ್ಲಿ ಬರೆದೆ. ಗಿರಣಿಯಲ್ಲಿ ಬೆರಳು ಕಳೆದುಕೊಂಡ ಹೆಂಗಸು, ಚರ್ಚಿನ ಬೆಂಚು ಮಾಡಿದ ಬಡಗಿ, ಹೀಗೆ ಒಬ್ಬೊಬ್ಬರೂ ಪುಟಕ್ಕೆ ಬಂದರು. ಅಷ್ಟರಲ್ಲಿ ಆಂಬುಲೆನ್ಸಿನವರು ಬಾಗಿಲಿಗೆ ಬಂದರು.

“ಓದಿ,” ಅಂದರು ಅಜ್ಜಿ.

ಓದಿದೆ. ಒಂದು ಹೆಸರು ತಿದ್ದಿಸಿ, ತಾವೇ ಎದ್ದು ಕೋಟು ಹಾಕಿಕೊಂಡರು.

ಅವರು ಗುಣವಾಗಿ ಮನೆಗೆ ಬಂದ ಮೇಲೆ ಪಾದ್ರಿಗಳು ಫೋನ್ ಮಾಡಿದರು. ತೀರಿಕೊಂಡವರ ಪ್ರಾರ್ಥನೆಗೆ ಕನ್ನಡದಲ್ಲಿದ್ದ ಆ ಕೊನೆಯ ಪುಟ ಓದುವವರು ಬೇಕಾಗಿತ್ತು. ಚರ್ಚಿಗೆ ಹೋಗಿ ಹನ್ನೊಂದೂ ಹೆಸರು ಓದಿದೆ. ಮುಂದಿನ ಬೆಂಚಿನಲ್ಲಿದ್ದ ಅಜ್ಜಿ ಪ್ರತಿ ಹೆಸರಿಗೂ ತಲೆಯಾಡಿಸಿದರು.

ಇಂಗ್ಲೆಂಡಿನಲ್ಲಿ ನನ್ನ ಉಚ್ಚಾರಣೆ ಸರಿಯಿದೆ ಅಂತ ಯಾರಾದರೂ ಒಪ್ಪಿದ್ದು ಅದೊಂದೇ ಸಲ.